ಅಡುಗೆಮನೆಯ ಪ್ರಯೋಗಾಲಯ: ಕಮಿಲೊ ಗಾಲ್ಗಿ ಅವರ ಬದುಕು

ಜೀವಕೋಶದ ಚಿತ್ರ ಬರೆಯುವ ಪ್ರೌಢಶಾಲೆಯ ಮಕ್ಕಳು ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಚೀಲಗಳಂಥ ಭಾಗವೊಂದನ್ನು ಬಿಡಿಸಿ ಗಾಲ್ಗಿ ಸಂಕೀರ್ಣ ಎಂದು ಗುರುತಿಸುತ್ತಾರೆ. ಗಾಲ್ಗಿ ಎಂಬುದು ವ್ಯಕ್ತಿಯೊಬ್ಬರ ಹೆಸರು. ಇಟಲಿಯವರ ಉಚ್ಚಾರಣೆಯಲ್ಲಿ ಅದು ಗೋಲ್ಜಿ. ನಮ್ಮ ಪುಸ್ತಕಗಳಲ್ಲಿ ಗಾಲ್ಗಿ ಎಂದೇ ರೂಢಿಯಾಗಿರುವುದರಿಂದ ಮಕ್ಕಳು ಪರೀಕ್ಷೆಯಲ್ಲಿ ಹಾಗೆಯೇ ಬರೆಯಲಿ.

ಕಮಿಲೊ ಗಾಲ್ಗಿ ಅವರು 1843ರ ಜುಲೈ 7ರಂದು ಉತ್ತರ ಇಟಲಿಯ ಕೊರ್ತೆನೊ ಎಂಬ ಬೆಟ್ಟದ ಹಳ್ಳಿಯಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. 1865ರಲ್ಲಿ ಪಾವಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಸಂಶೋಧನೆಯ ಹಂಬಲವಿದ್ದರೂ ಹಣದ ಅಡಚಣೆಯಿಂದಾಗಿ 1872ರಲ್ಲಿ ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಪಟ್ಟಣಕ್ಕೆ, ವಾಸಿಯಾಗದ ರೋಗಿಗಳ ಆಸ್ಪತ್ರೆಯ ಮುಖ್ಯ ವೈದ್ಯರಾಗಿ ಹೋಗಬೇಕಾಯಿತು. ಅಲ್ಲಿ ಪ್ರಯೋಗಾಲಯವೇ ಇರಲಿಲ್ಲ. ಅಡುಗೆಮನೆಯೊಂದನ್ನೇ ಪ್ರಯೋಗಾಲಯವಾಗಿಸಿಕೊಂಡು ಅವರು ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಸಲಕರಣೆಗಳಿಲ್ಲದ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ನಮ್ಮಂಥವರಿಗೆ ಈ ಅಡುಗೆಮನೆ ಬಲು ಹತ್ತಿರದ್ದೆನಿಸುತ್ತದೆ.

ಮಿದುಳಿನ ತುಣುಕುಗಳನ್ನು ಅವರು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿ, ಬಳಿಕ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿರಿಸಿದರು. ಆಗ ಕೆಲವೇ ಕೆಲವು ನರಕೋಶಗಳು ಹಳದಿ ಹಿನ್ನೆಲೆಯಲ್ಲಿ ಕವಲುಗಳ ಸಮೇತ ಕಪ್ಪಾಗಿ ಕಂಡವು. ಎಲ್ಲ ಕೋಶಗಳೂ ಬಣ್ಣ ಹಿಡಿದಿದ್ದರೆ ಒಂದರ ಕವಲು ಇನ್ನೊಂದರೊಡನೆ ಕಲಸಿಹೋಗಿ ಏನೂ ತಿಳಿಯುತ್ತಿರಲಿಲ್ಲ. 1873ರಲ್ಲಿ ಪ್ರಕಟವಾದ ಈ ವಿಧಾನ ಕಪ್ಪು ಪ್ರತಿಕ್ರಿಯೆ ಎಂದು ಹೆಸರಾಯಿತು.

ಮುಂದೆ ಪಾವಿಯಾದಲ್ಲಿ ಪ್ರಾಧ್ಯಾಪಕರಾದರು. ಮಲೇರಿಯಾ ಜ್ವರದ ಬಗೆಗೂ ಮಹತ್ವದ ಕೆಲಸ ಮಾಡಿದರು. 1898ರಲ್ಲಿ ತಮ್ಮ ವಿಧಾನವನ್ನೇ ಮಾರ್ಪಡಿಸಿ ಗೂಬೆಯ ಅನುಮಸ್ತಿಷ್ಕವನ್ನು ಪರೀಕ್ಷಿಸುತ್ತಿದ್ದಾಗ ನರಕೋಶದ ಒಳಗೇ ಬಲೆಯಂಥ ರಚನೆಯೊಂದು ಗೋಚರಿಸಿತು. ಅನೇಕ ವಿದ್ವಾಂಸರು ಇದನ್ನು ನಂಬಲಿಲ್ಲ. ಅದು ಕೋಶದ ಭಾಗವಲ್ಲ, ರಾಸಾಯನಿಕಗಳಿಂದ ಉಂಟಾದ ಕಲೆಯಷ್ಟೇ ಎಂಬುದು ಅವರ ವಾದವಾಗಿತ್ತು.

1906ರ ನೊಬೆಲ್ ಪ್ರಶಸ್ತಿಯನ್ನು ಗಾಲ್ಗಿ ಅವರು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಅವರೊಡನೆ ಹಂಚಿಕೊಂಡರು. ಗಾಲ್ಗಿಯವರ ವಿಧಾನವನ್ನೇ ಬಳಸಿ, ಪ್ರತಿಯೊಂದು ನರಕೋಶವೂ ಬೇರೆಬೇರೆ ಎಂದು ಕಹಾಲ್ ತೋರಿಸಿಕೊಟ್ಟಿದ್ದರು. ನರಗಳೆಲ್ಲ ಒಂದೇ ಅಖಂಡ ಜಾಲವೆಂಬ ತಮ್ಮ ನಿಲುವನ್ನು ಗಾಲ್ಗಿ ನೊಬೆಲ್ ಭಾಷಣದಲ್ಲಿಯೂ ಬಿಟ್ಟುಕೊಡಲಿಲ್ಲ. ಆ ವಿಷಯದಲ್ಲಿ ಕಾಲ ಕಹಾಲ್ ಅವರ ಪರವಾಗಿ ತೀರ್ಪಿತ್ತಿತು.

ಕೋಶದೊಳಗಿನ ಬಲೆಯ ವಿಷಯದಲ್ಲಿ ಗೆಲುವು ಗಾಲ್ಗಿಯವರದಾಯಿತು. ಆದರೆ ಅದನ್ನು ನೋಡಲು ಅವರಿರಲಿಲ್ಲ. 1926ರ ಜನವರಿ 21ರಂದು ಅವರು ಪಾವಿಯಾದಲ್ಲಿ ತೀರಿಕೊಂಡರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಚಪ್ಪಟೆ ಚೀಲಗಳನ್ನು ಸ್ಪಷ್ಟವಾಗಿ ತೋರಿಸಿತು. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಬರುವ ಪ್ರೋಟೀನುಗಳು ಇಲ್ಲಿ ಒಂದು ಬದಿಯಿಂದ ಒಳಹೊಕ್ಕು, ಮಾರ್ಪಾಡುಗೊಂಡು, ವಿಂಗಡಣೆಯಾಗಿ, ಸಣ್ಣ ಕೋಶಿಕೆಗಳಲ್ಲಿ ತುಂಬಿ ಇನ್ನೊಂದು ಬದಿಯಿಂದ ಹೊರಡುತ್ತವೆ. ಕೆಲವು ಲೈಸೋಸೋಮ್ ಸೇರುತ್ತವೆ, ಕೆಲವು ಕೋಶಪೊರೆಗೆ ಹೋಗುತ್ತವೆ. ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಇನ್ಸುಲಿನ್ ರಕ್ತವನ್ನು ಸೇರುವುದೂ ಇದೇ ದಾರಿಯಿಂದ.