ಕ್ಯಾಮೆರಾ ಮೊಬೈಲ್ ಯುಗಕ್ಕೂ ಸಲ್ಲುವ ನ್ಯಾಯಮೂರ್ತಿ ಸುಬ್ಬರಾವ್

ಕಾಮಸಮುದ್ರ: ಬಂಗಾರಪೇಟೆ ತಾಲ್ಲೂಕಿನ ಈ ಗಡಿಭಾಗದ ಊರಿನಲ್ಲೂ ಇಂದು ಕ್ಯಾಮೆರಾ ಇರುವ ಮೊಬೈಲ್ ಅಪರೂಪವಲ್ಲ. ಒಬ್ಬರ ಏಕಾಂತವನ್ನು ಕದ್ದು ಚಿತ್ರೀಕರಿಸಲು ಕ್ಷಣ ಸಾಕು. ಆ ಏಕಾಂತವೂ ಒಂದು ಹಕ್ಕು ಎಂದು, ಮೊಬೈಲ್‌ನ ಕಲ್ಪನೆಯೂ ಇರದ ಕಾಲದಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಪ್ರತಿಪಾದಿಸಿದವರು ನ್ಯಾಯಮೂರ್ತಿ ಕೋಕಾ ಸುಬ್ಬರಾವ್.

1902ರ ಜುಲೈ 15ರಂದು ರಾಜಮಹೇಂದ್ರಿಯಲ್ಲಿ ಜನಿಸಿದ ಅವರು ಮದ್ರಾಸಿನಲ್ಲಿ ವಕೀಲಿ ವೃತ್ತಿ ನಡೆಸಿ, 1948ರಲ್ಲಿ ಅಲ್ಲಿನ ಹೈಕೋರ್ಟ್ ನ್ಯಾಯಮೂರ್ತಿಯಾದರು. 1954ರಲ್ಲಿ ಆಂಧ್ರ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿ, 1958ರಲ್ಲಿ ಸುಪ್ರೀಂ ಕೋರ್ಟ್ ಸೇರಿದರು.

ಅವರ ಹೆಸರನ್ನು ಚಿರಸ್ಥಾಯಿಗೊಳಿಸಿದ್ದು ಖರಕ್ ಸಿಂಗ್ ಪ್ರಕರಣ. ಡಕಾಯಿತಿ ಆರೋಪ ಹೊತ್ತಿದ್ದ ಖರಕ್ ಸಿಂಗ್ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದರೂ ಉತ್ತರ ಪ್ರದೇಶದ ಪೊಲೀಸರು ಅವರ ಮೇಲೆ ಕಣ್ಗಾವಲಿಟ್ಟಿದ್ದರು. ನಡುರಾತ್ರಿ ಬಂದು ಬಾಗಿಲು ತಟ್ಟುತ್ತಿದ್ದರು. 1962ರ ಡಿಸೆಂಬರ್‌ನಲ್ಲಿ ತೀರ್ಪಿತ್ತ ಆರು ಮಂದಿಯ ಪೀಠ ರಾತ್ರಿ ಭೇಟಿಯನ್ನೇನೋ ರದ್ದುಪಡಿಸಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ನಾಲ್ವರು ಅಭಿಪ್ರಾಯಪಟ್ಟರು. ಸುಬ್ಬರಾವ್ ಒಪ್ಪಲಿಲ್ಲ; ನ್ಯಾಯಮೂರ್ತಿ ಜೆ.ಸಿ. ಷಾ ಅವರ ಜೊತೆಗೆ ನಿಂತರು. ವ್ಯಕ್ತಿಯನ್ನು ಬಂಧಿಸಲು ಸರಪಳಿಯೇ ಬೇಕಿಲ್ಲ, ಸದಾ ಯಾರೋ ನೋಡುತ್ತಿದ್ದಾರೆಂಬ ಅಳುಕೇ ಮನಸ್ಸನ್ನು ಕಟ್ಟಿಹಾಕುತ್ತದೆ ಎಂಬುದು ಅವರ ಭಿನ್ನ ತೀರ್ಪಿನ ತಿರುಳು. ಅವರ ದೃಷ್ಟಿಯಲ್ಲಿ ಖಾಸಗಿತನ ವೈಯಕ್ತಿಕ ಸ್ವಾತಂತ್ರ್ಯದ ಅವಿಭಾಜ್ಯ ಅಂಗ; ಅದು ಪೊಲೀಸರ ಪಟ್ಟಿಯಲ್ಲಿದ್ದವನಿಗೂ ಸಲ್ಲಬೇಕು.

1966ರ ಜೂನ್‌ನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಅವರು, ಸಂಸತ್ತು ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲಾಗದೆಂಬ ಗೋಲಕನಾಥ್ ಪ್ರಕರಣದ ತೀರ್ಪಿತ್ತ ಪೀಠದ ನೇತೃತ್ವ ವಹಿಸಿದ್ದರು. 1967ರ ಏಪ್ರಿಲ್‌ನಲ್ಲಿ ರಾಜೀನಾಮೆಯಿತ್ತು ರಾಷ್ಟ್ರಪತಿ ಚುನಾವಣೆಗೆ ನಿಂತು ಝಾಕಿರ್ ಹುಸೇನ್ ಅವರೆದುರು ಸೋತರು. ನ್ಯಾಯಪೀಠದಿಂದ ನೇರವಾಗಿ ಚುನಾವಣಾ ಕಣಕ್ಕಿಳಿದ ಅವರ ನಡೆ ಟೀಕೆಗೂ ಗುರಿಯಾಯಿತು. ತುರ್ತು ಪರಿಸ್ಥಿತಿಯ ನಡುವೆ, 1976ರ ಮೇ 6ರಂದು ನಿಧನರಾದರು. ಅವರ ಭಿನ್ನ ತೀರ್ಪು ಅಂದಿಗೂ ಅಲ್ಪಮತವಾಗಿಯೇ ಉಳಿದಿತ್ತು.

ಅದಕ್ಕೆ ಮನ್ನಣೆ ದೊರಕಿಸಿದ ಹೋರಾಟದ ಮುಂಚೂಣಿಯಲ್ಲಿದ್ದವರು ಕನ್ನಡಿಗರೊಬ್ಬರು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಸುಬ್ಬರಾವ್ ಅವರ ನಿಲುವಿಗೆ ಜಯ ಸಿಗಲು ಹೆಚ್ಚೂಕಡಿಮೆ 55 ವರ್ಷ ಬೇಕಾಯಿತು.

ಮೊಬೈಲ್ ಕ್ಯಾಮೆರಾದ ದುರ್ಬಳಕೆಗೆ ಪ್ರತ್ಯೇಕ ಕಾನೂನುಗಳಿವೆ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಗುಪ್ತಾಂಗಗಳ ಚಿತ್ರ ತೆಗೆಯುವುದು ಅಥವಾ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 2009ರಿಂದ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಶಿಕ್ಷಾರ್ಹ. ಚಿತ್ರ ತೆಗೆಯಲು ಆಕೆ ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ, ಹಂಚಿದವರು ಅಪರಾಧಿಗಳು.

ಅಂದು ಬಾಗಿಲು ತಟ್ಟಿದವರು ಪೊಲೀಸರು. ಇಂದು ಇಣುಕುವ ಕಣ್ಣು ಪಕ್ಕದಲ್ಲಿ ನಿಂತವರ ಕೈಯಲ್ಲೇ ಇರಬಹುದು. ನೋಡಲ್ಪಡುವವರ ಅಳುಕು ಮಾತ್ರ ಸುಬ್ಬರಾವ್ ಗುರುತಿಸಿದ್ದೇ.