ದೇವರಾಯಸಮುದ್ರದ ಅಂಗಸಾಧಕ

ಮುಳಬಾಗಿಲಿನಿಂದ ಕೋಲಾರಕ್ಕೆ ಬರುವ ದಾರಿಯಲ್ಲಿ ದೇವರಾಯಸಮುದ್ರ ಸಿಕ್ಕುತ್ತದೆ. ಮೂರು ವರ್ಷಗಳಿಂದ ಬಸ್ಸಿನ ಕಿಟಕಿಯಿಂದ ಆ ಊರನ್ನು ನೋಡುತ್ತಲೇ ಕಾಲೇಜಿಗೆ ಬಂದಿದ್ದೇನೆ. ಪ್ರೊಫೆಸರ್ ಕೆ. ವಿ. ಅಯ್ಯರ್ ಅವರು ಹುಟ್ಟಿದುದು ಅಲ್ಲಿಯೇ ಎಂಬುದು ನನಗೆ ತಿಳಿದದ್ದು ಮಾತ್ರ ಈ ವರ್ಷ, ಅದೂ ‘ಶಾಂತಲಾ’ ಕಾದಂಬರಿಯನ್ನು ಓದಿ ಮುಗಿಸಿದ ಮೇಲೆ. ಹೊಯ್ಸಳ ರಾಣಿಯ ಬಾಳನ್ನು ಬರೆದವರು ಹೆಸರಾಂತ ಅಂಗಸಾಧಕರೆಂದು ಅಧ್ಯಾಪಕರು ಹೇಳಿದಾಗ ನಾನು ನಂಬಲಿಲ್ಲ.

ನಂಬದಿರಲು ಕಾರಣವಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದು ಮೈಯನ್ನು ತಿಂದುಹಾಕಿತೆಂದು ಅಜ್ಜಿ ನನ್ನ ತೋಳು ಹಿಡಿದು ಮರುಗುತ್ತಾಳೆ. ನೇಗಿಲು ಹಿಡಿಯುವ ಕೈಯೇ ಬೇರೆ, ಲೇಖನಿ ಹಿಡಿಯುವ ಕೈಯೇ ಬೇರೆ ಎಂದು ನಾನೂ ಎಣಿಸಿದ್ದೆ.

ಅಯ್ಯರ್ ಅವರು ಜನಿಸಿದುದು ೧೮೯೭ರ ಜನವರಿ ೮ರಂದು. ಆಗ ಸ್ಯಾಂಡೋ ಎಂಬ ಮಲ್ಲನ ಕೀರ್ತಿ ಯೂರೋಪಿನಲ್ಲೆಲ್ಲ ಹಬ್ಬಿತ್ತು. ಮುಂದೆ ಆತ ಭಾರತಕ್ಕೂ ಬಂದು ಹೋದ. ಆ ಗಾಳಿ ನಮ್ಮ ಕಡೆಯ ತರುಣರಿಗೂ ಬೀಸಿತು. ಅಯ್ಯರ್ ಅವರು ತಮ್ಮ ಮೈಯನ್ನು ಶಿಲ್ಪಿಯಂತೆ ಕಡೆದುಕೊಂಡರು. ಅವರ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿಯೂ ಅಚ್ಚಾದುವು. ತಮ್ಮ ದೇಹಸೌಂದರ್ಯವನ್ನು ತಾವೇ ಹೊಗಳಿಕೊಳ್ಳಲು ಅವರು ಹಿಂಜರಿಯುತ್ತಿರಲಿಲ್ಲ. ವಿನಯ ಸ್ವಲ್ಪ ಕಡಮೆಯೇ ಎನ್ನಬೇಕು. ಆದರೆ ಆ ಚಿತ್ರಗಳನ್ನು ನೋಡಿದವರು ಅದನ್ನು ಕ್ಷಮಿಸಿಯಾರು.

ತನ್ನ ಮೈಯನ್ನು ಬೆಳೆಸಿಕೊಂಡು ಮೆರೆದವರು ಎಷ್ಟೋ ಮಂದಿ. ಇವರು ಗುರುವಾದರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಹೆಸರಿನ ವ್ಯಾಯಾಮಶಾಲೆಯನ್ನು ನಡೆಸಿದರು. ದೂರದವರಿಗೆ ಅಂಚೆಯ ಮೂಲಕವೇ ಪಾಠ ಕಳುಹಿಸಿದರು. ೧೯೩೦ರಲ್ಲಿ ಮಾಂಸಖಂಡಗಳ ಸಾಧನೆಯನ್ನು ಕುರಿತೂ, ೧೯೩೭ರಲ್ಲಿ ಸೂರ್ಯನಮಸ್ಕಾರವನ್ನು ಕುರಿತೂ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕಬ್ಬಿಣದ ಗುಂಡಿಗೂ ಯೋಗಾಸನಕ್ಕೂ ವೈರವಿದೆಯೆಂದು ಅವರು ತಿಳಿಯಲಿಲ್ಲ. ಎರಡನ್ನೂ ಒಂದೇ ಅಭ್ಯಾಸದಲ್ಲಿ ಸೇರಿಸಿ ಕಲಿಸಿದರು.

ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ವಸ್ಥರಾದಾಗ ಅರಮನೆಯಿಂದ ಇವರಿಗೆ ಕರೆ ಬಂದಿತು. ಮುಂದೆ ಜೆ. ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಗೆ ಕಟ್ಟಡವಾದಾಗ ಅದಕ್ಕೆ ಅರಮನೆಯ ನೆರವಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗ ಕಲಿಸುತ್ತಿದ್ದ ಕಾಲದಲ್ಲಿ, ಅಲ್ಲಿಗೆ ಕೆಲವೇ ಹೆಜ್ಜೆಗಳ ದೂರದಲ್ಲಿ ಅಯ್ಯರ್ ಅವರ ಶಿಷ್ಯ ಅನಂತರಾಯರು ಸೂರ್ಯನಮಸ್ಕಾರವನ್ನೂ ಅಂಗಸಾಧನೆಯನ್ನೂ ಹೇಳಿಕೊಡುತ್ತಿದ್ದರು. ಇಂದು ಲೋಕವೆಲ್ಲ ಮಾಡುವ ಯೋಗದಲ್ಲಿ ಈ ನೆರೆಹೊರೆಯ ಪಾಲೆಷ್ಟು ಎಂಬುದನ್ನು ಮಾರ್ಕ್ ಸಿಂಗಲ್‌ಟನ್ ಎಂಬ ವಿದ್ವಾಂಸರು ೨೦೧೦ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ.

ಟಿ. ಪಿ. ಕೈಲಾಸಂ ಅವರು ಅಯ್ಯರ್ ಅವರ ಆಪ್ತ ಗೆಳೆಯರು. ರವಿ ಕಲಾವಿದರು ಎಂಬ ತಂಡ ಕಟ್ಟಿ ಅಯ್ಯರ್ ಅವರು ನಾಟಕಗಳನ್ನಾಡಿಸಿದರು. ಗೆಳೆಯನ ನೆನಪುಗಳನ್ನೂ ಬರೆದಿಟ್ಟರು. ಅವರ ಇನ್ನೊಂದು ಕಾದಂಬರಿ ‘ರೂಪದರ್ಶಿ’. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ಕುಳಿತವನೇ ಬೆಳೆದು ಕೆಟ್ಟು, ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗುವ ಕಥೆ ಅದು. ಮನುಷ್ಯನ ಮುಖವನ್ನೂ ಮೈಯನ್ನೂ ದಿನವೂ ನೋಡಿ ತಿದ್ದುತ್ತಿದ್ದವರಿಗೆ ಆ ವಸ್ತು ಒಲಿದದ್ದು ಆಶ್ಚರ್ಯವಲ್ಲ. ನನಗಂತೂ ‘ಶಾಂತಲಾ’ಗಿಂತ ಇದೇ ಹಿಡಿಸಿತು.

೧೯೮೦ರ ಜನವರಿಯಲ್ಲಿ ಅಯ್ಯರ್ ಅವರು ತೀರಿಕೊಂಡರು.

ನಾನು ಈಗ ಬೆಳಗ್ಗೆ ಬಸ್ಸಿಗೆ ಮುಂಚೆ ಅಂಗಳದಲ್ಲಿ ಹನ್ನೆರಡು ನಮಸ್ಕಾರ ಹಾಕುತ್ತೇನೆ. ಸುಮ್ಮನೆ ಅಷ್ಟು ಸಲ ಬಗ್ಗಿ ಏಳುವುದಕ್ಕೆ ರಾಗಿಹೊಲದ ಕಳೆಯನ್ನಾದರೂ ಕೀಳಬಾರದೇ ಎಂದು ಅಜ್ಜಿ ಕೇಳುತ್ತಾಳೆ.