ಪಾಲ್ ಎರ್ಲಿಕ್

ಪಾಲ್ ಎರ್ಲಿಕ್ (14 ಮಾರ್ಚ್ 1854 – 20 ಆಗಸ್ಟ್ 1915) ಜರ್ಮನಿಯ ಹೆಸರಾಂತ ವೈದ್ಯವಿಜ್ಞಾನಿ. ಜೀವಕೋಶದ ಹೊರಮೈಯಲ್ಲಿರುವ ಗ್ರಾಹಿಗಳಿಗೆ ಹೊರಗಿನ ವಸ್ತುವೊಂದು ಅಂಟಿಕೊಂಡರೆ ಕೋಶದ ಒಳಗಿನ ಕಾರ್ಯವೇ ಬದಲಾಗುತ್ತದೆಂಬ ವಿಚಾರವನ್ನು ಸಿದ್ಧಾಂತರೂಪದಲ್ಲಿ ಮಂಡಿಸಿದವರು. 1908ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇಲ್ಯಾ ಮೆಚ್ನಿಕಾಫ್ ಅವರೊಡನೆ ಹಂಚಿಕೊಂಡರು.

ಜೀವನ

ಎರ್ಲಿಕ್ ಅವರು ಆಗ ಪ್ರಷ್ಯಕ್ಕೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಸ್ಟ್ರೇಲೆನ್ ಪಟ್ಟಣದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. 1878ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಅವರ ಪ್ರಬಂಧದ ವಿಷಯ ಅಂಗಾಂಶಗಳಿಗೆ ಬಣ್ಣ ಹಿಡಿಸುವ ವಿಧಾನ. ಒಂದು ಬಣ್ಣ ಒಂದು ಬಗೆಯ ಕೋಶಕ್ಕೆ ಮಾತ್ರ ಹಿಡಿದು ಪಕ್ಕದ ಕೋಶಕ್ಕೆ ಹಿಡಿಯದಿರುವುದೇಕೆ ಎಂಬ ಪ್ರಶ್ನೆಯೇ ಅವರ ಮುಂದಿನ ಸಂಶೋಧನೆಗಳಿಗೆಲ್ಲ ಮೂಲವೆನ್ನಬಹುದು. ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದಾಗ ಕ್ಷಯರೋಗಕ್ಕೆ ತುತ್ತಾಗಿ, ಕೆಲಕಾಲ ಈಜಿಪ್ಟಿನಲ್ಲಿದ್ದು ಚೇತರಿಸಿಕೊಂಡರು. 1891ರಲ್ಲಿ ರಾಬರ್ಟ್ ಕಾಕ್ ಅವರ ಸಂಸ್ಥೆಯನ್ನು ಸೇರಿದರು.

ಪಾರ್ಶ್ವಸರಪಣಿ ಸಿದ್ಧಾಂತ

ಗಂಟಲಮಾರಿ ರೋಗಕ್ಕೆ ಎಮಿಲ್ ಬೆರಿಂಗ್ ರೂಪಿಸಿದ ಸೀರಮ್ ಚಿಕಿತ್ಸೆಯಲ್ಲಿ ಒಂದು ತೊಡಕಿತ್ತು: ಸೀರಮ್ಮಿನ ಶಕ್ತಿ ಪ್ರತಿ ಬಾರಿಯೂ ಬೇರೆಬೇರೆಯಾಗಿರುತ್ತಿತ್ತು. ಅದನ್ನು ಅಳೆಯಲು ಹೊರಟ ಎರ್ಲಿಕ್, ಹಳೆಯದಾದ ರೋಗವಿಷವು ಕೊಲ್ಲುವ ಗುಣವನ್ನು ಕಳೆದುಕೊಂಡರೂ ಪ್ರತಿವಿಷಕ್ಕೆ ಅಂಟುವ ಗುಣವನ್ನು ಉಳಿಸಿಕೊಂಡಿರುವುದನ್ನು ಗಮನಿಸಿದರು. ಹಾಗಾದರೆ ಅಂಟುವ ಭಾಗವೇ ಬೇರೆ, ಕೊಲ್ಲುವ ಭಾಗವೇ ಬೇರೆ ಎಂದು ತರ್ಕಿಸಿದರು. ಕೋಶದ ಮೈಮೇಲೆ ಆಹಾರವನ್ನು ಹಿಡಿಯಲೆಂದಿರುವ ಪಾರ್ಶ್ವಸರಪಣಿಗಳಿಗೆ ವಿಷವು ಬೀಗಕ್ಕೆ ಕೀಲಿಯಂತೆ ಕೂಡಿಕೊಳ್ಳುತ್ತದೆ, ನಷ್ಟ ತುಂಬಿಕೊಳ್ಳಲು ಕೋಶವು ಅಗತ್ಯಕ್ಕಿಂತ ಹೆಚ್ಚು ಸರಪಣಿಗಳನ್ನು ತಯಾರಿಸಿ, ಹೆಚ್ಚಾದವನ್ನು ರಕ್ತಕ್ಕೆ ಬಿಡುತ್ತದೆ, ಅವೇ ಪ್ರತಿಕಾಯಗಳು. ಇದು 1897ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತದ ಸಾರ. ಈ ಸರಪಣಿಗಳನ್ನೇ ಮುಂದೆ ಗ್ರಾಹಿಗಳೆಂದು ಕರೆದರು.

ನಿರಾಕರಣೆ ಮತ್ತು ಪುನರುಜ್ಜೀವನ

ಪ್ರಕೃತಿಯಲ್ಲೇ ಇಲ್ಲದ ಕೃತಕ ರಾಸಾಯನಿಕಗಳ ವಿರುದ್ಧವೂ ದೇಹವು ಪ್ರತಿಕಾಯಗಳನ್ನು ತಯಾರಿಸಬಲ್ಲದೆಂದು ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿದರು. ಅಂಥವಕ್ಕೂ ಗ್ರಾಹಿಗಳು ಮೊದಲೇ ಸಿದ್ಧವಾಗಿರಲು ಹೇಗೆ ಸಾಧ್ಯ? ಈ ಪ್ರಶ್ನೆಗೆ ಉತ್ತರವಿಲ್ಲದೆ ಸಿದ್ಧಾಂತವು ಹಲವು ದಶಕ ಮೂಲೆಗೆ ಸರಿಯಿತು. 1957ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್, ಒಂದೊಂದು ಕೋಶವೂ ಒಂದೇ ಬಗೆಯ ಗ್ರಾಹಿಯನ್ನು ಹೊತ್ತಿರುತ್ತದೆಂಬ ತಿದ್ದುಪಡಿಯೊಡನೆ ಇದೇ ವಿಚಾರಕ್ಕೆ ಮರುಜೀವ ಕೊಟ್ಟರು.

ಅಂಟಿದ ಸುದ್ದಿ ಕೋಶದ ಒಳಕ್ಕೆ ತಲಪುವ ಬಗೆಯನ್ನು ತಿಳಿಯುವ ಉಪಕರಣಗಳು ಎರ್ಲಿಕ್‌ರ ಕಾಲದಲ್ಲಿರಲಿಲ್ಲ. ಬಿ-ಕೋಶದ ಹೊರಮೈಯ ಪ್ರತಿಕಾಯಕ್ಕೆ ಕೋಶದೊಳಗೆ ಚಾಚಿದ ಬಾಲ ತೀರ ಗಿಡ್ಡ. ಜೊತೆಗಿರುವ ಎರಡು ಪ್ರೋಟೀನುಗಳ ಒಳತುದಿಗೆ ಕಿಣ್ವಗಳು ಫಾಸ್ಫೇಟ್ ಜೋಡಿಸುವುದರಿಂದ ಸಂಕೇತ ಆರಂಭವಾಗಿ ಕೋಶಕೇಂದ್ರವನ್ನು ಮುಟ್ಟುತ್ತದೆ ಎಂಬುದು ಈಗ ತಿಳಿದಿದೆ.

ಕೊನೆಯ ವರ್ಷಗಳು

1899ರಿಂದ ಫ್ರಾಂಕ್‌ಫರ್ಟ್ ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿ ಜಪಾನಿನ ಸಹೋದ್ಯೋಗಿ ಸಹಾಚಿರೊ ಹಾಟಾ ಅವರೊಡನೆ ಸಿಫಿಲಿಸ್‌ಗೆ ಮದ್ದಾಗಿ 606ನೆಯ ಸಂಯುಕ್ತವನ್ನು ಗುರುತಿಸಿದರು. ಅದು 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಎರ್ಲಿಕ್ ಬಾಡ್ ಹೊಂಬುರ್ಗ್‌ನಲ್ಲಿ ನಿಧನರಾದರು. ಅವರ ಸಮಾಧಿ ಫ್ರಾಂಕ್‌ಫರ್ಟಿನ ಯೆಹೂದಿ ಸ್ಮಶಾನದಲ್ಲಿದೆ.